ಮನೆಮಾತು ಮತ್ತು ಓದು
ಕನ್ನಡ ಓದಲು ಕಲಿಯುವ ಮಕ್ಕಳ ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಮೌಲಿಕವಾದುದು. ಮಕ್ಕಳು ‘ಕ’ವನ್ನು ಇಡಿಯಾಗಿ ಗ್ರಹಿಸುತ್ತಾರೆ, ಅದರೊಳಗಿನ ‘ಕ್’, ‘ಅ’ ಧ್ವನಿಗಳನ್ನು ಬಿಡಿಸುವ ಅರಿವು ನಿಧಾನವಾಗಿ ಮೂಡುತ್ತದೆ ಎಂಬುದನ್ನು ಅದು ತೋರಿಸಿತು. ಇಂಗ್ಲಿಷ್ ಓದಿಗೆ ಬೇಕಾದುದು ಈ ಅರಿವೇ.

ಆದರೆ ಕಡಬ ತಾಲ್ಲೂಕಿನ ಪೆರಾಬೆಯಂಥ ಊರಿಗೆ ಇಷ್ಟೇ ಸಾಲದು. ಇಲ್ಲಿ ಅನೇಕ ಮಕ್ಕಳ ಮನೆಮಾತು ತುಳು. ಅವರಿಗೆ ಕನ್ನಡವೇ ಎರಡನೆಯ ಭಾಷೆ. ‘ನಾನು ಬರುತ್ತೇನೆ’, ‘ಅವನು ಬರುತ್ತಾನೆ’ ಎಂಬರ್ಥದ ತುಳು ರೂಪಗಳೆರಡನ್ನೂ ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ‘ಬರ್ಪೆ’ ಎಂದೇ ಬರೆಯುತ್ತೇವೆ. ಕೊನೆಯ ಸ್ವರದ ಉಚ್ಚಾರ ಬೇರೆ. ಯಾವುದೆಂದು ತಿಳಿಸುವುದು ಸಂದರ್ಭ. ಇಂಗ್ಲಿಷಿನಲ್ಲೂ ಓದುವ ‘ರೀಡ್’, ಓದಿದ ‘ರೆಡ್’ ಎರಡಕ್ಕೂ ಕಾಗುಣಿತ ಒಂದೇ. ಶಿಕ್ಷಕರೇ, ತಡವರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ‘ಬರ್ಪೆ’ಯನ್ನು ಕರಿಹಲಗೆಯ ಮೇಲೆ ಬರೆಯಿರಿ, ಎರಡು ಬಗೆಯಲ್ಲೂ ಓದಿಸಿರಿ.