ಕಾತ್‌ಮುಕ್ ಘೋಷಣೆ ಮತ್ತು 2017ರ ತೀರ್ಪು: ಒಂದು ವಿಮರ್ಶೆ

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಆಗ್ನೇಯ ಭಾಗದಲ್ಲಿ, ಪರ್ಸೆಲ್ ಪರ್ವತಶ್ರೇಣಿಯ ನಡುವೆ, ಜಂಬೋ ಎಂಬ ಕಣಿವೆಯೊಂದುಂಟು. ಇನ್ವರ್ಮಿಯರ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರು ದೂರದಲ್ಲಿರುವ ಈ ಕಣಿವೆಯ ಮೇಲ್ಭಾಗದ ಹಿಮನದಿಗಳ ಮೇಲೆ ವರ್ಷವಿಡೀ ಸ್ಕೀ ಆಟ ನಡೆಯುವಂತೆ ಒಂದು ವಿಹಾರಧಾಮವನ್ನು ಕಟ್ಟಬೇಕೆಂದು ವಾಸ್ತುಶಿಲ್ಪಿ ಓಬರ್ಟೋ ಓಬರ್ಟಿಯವರ ನೇತೃತ್ವದಲ್ಲಿ 1991ರಲ್ಲಿ ಪ್ರಾಂತದ ಸರ್ಕಾರದ ಮುಂದೆ ಯೋಜನೆಯೊಂದು ಬಂದಿತು. ಮುಂದೆ ಅದು ತಳೆದ ರೂಪದಲ್ಲಿ 6,250 ಹಾಸಿಗೆಗಳ ವಸತಿಗೆ ಅವಕಾಶವಿತ್ತು. ಸುತ್ತಣ ಊರುಗಳ ನಿವಾಸಿಗಳೂ ಆ ಪ್ರದೇಶದ ಮೂಲನಿವಾಸಿಗಳಾದ ಕ್ಟುನಾಹ ಜನರೂ ಇದನ್ನು ಹೆಚ್ಚುಕಡಿಮೆ ಮೂವತ್ತು ವರ್ಷಗಳ ಕಾಲ ವಿರೋಧಿಸಿದರು. 2020ರಲ್ಲಿ ಯೋಜನೆ ಕೈಬಿಟ್ಟುಹೋಯಿತು.

ಈ ವಿವಾದದ ಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ಅದರಿಂದ ಹುಟ್ಟಿದ ಎರಡು ಬರಹಗಳನ್ನು, ಎಂದರೆ ಕ್ಟುನಾಹ ಜನರು 2010ರ ನವೆಂಬರಿನಲ್ಲಿ ಪ್ರಕಟಿಸಿದ ಕಾತ್‌ಮುಕ್ ಘೋಷಣೆಯನ್ನೂ, 2017ರ ನವೆಂಬರ್ 2ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನೂ, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದುವುದಷ್ಟೇ ಇಲ್ಲಿಯ ಪ್ರಯತ್ನ. ತೀರ್ಪಿನ ವಿಮರ್ಶೆ ನ್ಯಾಯಶಾಸ್ತ್ರಜ್ಞರ ಕೆಲಸ, ಸಾಹಿತ್ಯದ ವಿದ್ಯಾರ್ಥಿಗಳದಲ್ಲ ಎಂದು ಆಕ್ಷೇಪಿಸುವವರು ಇರಬಹುದು. ಆದರೆ ಒಂದು ಕಣಿವೆಯ ಭವಿಷ್ಯವು ಒಂದು ಪದದ ಅರ್ಥವನ್ನು ಅವಲಂಬಿಸಿ ನಿಂತಾಗ, ಪದಾರ್ಥವಿಚಾರವನ್ನೇ ವೃತ್ತಿಯಾಗಿ ಉಳ್ಳ ನಾವು ಸುಮ್ಮನಿರುವುದಕ್ಕೆ ಕಾರಣವಿಲ್ಲ.

ಘೋಷಣೆಯು ಚಿಕ್ಕದು. ಮೇಲಣ ಜಂಬೋ ಕಣಿವೆಗೆ ಕ್ಟುನಾಹ ಭಾಷೆಯಲ್ಲಿರುವ ಹೆಸರು ಕಾತ್‌ಮುಕ್. ಗ್ರಿಜ್ಲಿ ಕರಡಿಯ ಆತ್ಮವು ಹುಟ್ಟಿದುದು ಇಲ್ಲಿ, ತನ್ನ ಗಾಯಗಳನ್ನು ಮಾಯಿಸಿಕೊಳ್ಳಲು ಅದು ಬರುವುದು ಇಲ್ಲಿಗೆ, ಆತ್ಮಲೋಕಕ್ಕೆ ಮರಳುವುದೂ ಇಲ್ಲಿಂದಲೇ ಎಂದು ಅದು ತಿಳಿಸುತ್ತದೆ. ಆ ಆತ್ಮಕ್ಕೆ ಈ ಸ್ಥಳವು ಎಷ್ಟು ಮುಖ್ಯವೋ ಅಲ್ಲಿ ಈಗ ಬದುಕಿರುವ, ಮುಂದೆ ಬದುಕಲಿರುವ ಕರಡಿಗಳಿಗೂ ಅಷ್ಟೇ ಮುಖ್ಯ, ಇವೆರಡನ್ನು ಬೇರ್ಪಡಿಸಲಾಗದು ಎಂದೂ ಹೇಳುತ್ತದೆ. ಅನಂತರ ಕಣಿವೆಯ ಮೇಲ್ಭಾಗವನ್ನು ಆಶ್ರಯಸ್ಥಾನವೆಂದು ಸಾರಿ, ಅಲ್ಲಿ ಶಾಶ್ವತ ಅಸ್ತಿವಾರವುಳ್ಳ ಕಟ್ಟಡಗಳಿಗಾಗಲಿ ಶಾಶ್ವತ ಮಾನವ ವಸತಿಗಾಗಲಿ ಎಡೆಯಿಲ್ಲವೆಂದು ವಿಧಿಸುತ್ತದೆ.

ಓದುಗನು ಗಮನಿಸಬೇಕಾದುದು ಈ ಬರಹದ ವಾಕ್ಯರೀತಿಯನ್ನು. 'ನಾವು ಹೀಗೆ ನಂಬುತ್ತೇವೆ' ಎಂಬ ಪೀಠಿಕೆಯಿಂದ ಅದು ಹೊರಡುವುದಿಲ್ಲ. ಇದು ಇಂಥವರ ಮನೆ, ಅವರು ಇಲ್ಲಿ ಇದ್ದಾರೆ, ಅವರ ವಿಷಯದಲ್ಲಿ ನಮಗೆ ಹೊಣೆಯುಂಟು ಎಂಬುದೇ ಅದರ ಧಾಟಿ. ಅದು ಒಂದು ಮತದ ನಿರೂಪಣೆಯಲ್ಲ. ಒಬ್ಬ ನಿವಾಸಿಯ ವಿಳಾಸವನ್ನು ತಿಳಿಸುವ ಪತ್ರ ಎಂದರೆ ಸತ್ಯಕ್ಕೆ ಹತ್ತಿರವಾದೀತು.

ನ್ಯಾಯಾಲಯದಲ್ಲಿ ಇದು ಬೇರೊಂದು ರೂಪವನ್ನು ಪಡೆಯಿತು. 2012ರ ಮಾರ್ಚಿನಲ್ಲಿ ಸಚಿವರು ಯೋಜನೆಗೆ ಒಪ್ಪಿಗೆಯಿತ್ತಾಗ, ಕ್ಟುನಾಹ ಜನರು ಕೆನಡಾದ ಹಕ್ಕು ಸ್ವಾತಂತ್ರ್ಯಗಳ ಸನ್ನದಿನಲ್ಲಿರುವ ಧರ್ಮಸ್ವಾತಂತ್ರ್ಯದ ವಿಧಿಯನ್ನು ಆಶ್ರಯಿಸಿದರು. ವಿಹಾರಧಾಮವೆದ್ದರೆ ಕರಡಿಯ ಆತ್ಮವು ಕಣಿವೆಯನ್ನು ಬಿಟ್ಟುಹೋಗುವುದು, ಆಗ ತಮ್ಮ ಪ್ರಾರ್ಥನೆ ಆಚರಣೆಗಳೆಲ್ಲ ಬರಿದಾಗುವುವು ಎಂಬುದು ಅವರ ವಾದ. ಏಳು ಮಂದಿ ನ್ಯಾಯಮೂರ್ತಿಗಳ ಪರವಾಗಿ ಮುಖ್ಯ ನ್ಯಾಯಮೂರ್ತಿ ಮೆಕ್‌ಲಾಕ್ಲಿನ್ ಹಾಗೂ ನ್ಯಾಯಮೂರ್ತಿ ರೋ ಅವರು ಇದಕ್ಕೆ ಕೊಟ್ಟ ಉತ್ತರದ ಸಾರಾಂಶವಿದು: ಸನ್ನದು ಕಾಪಾಡುವುದು ನಂಬುವ ಸ್ವಾತಂತ್ರ್ಯವನ್ನು ಮತ್ತು ನಂಬಿಕೆಯನ್ನು ಆಚರಣೆಯಲ್ಲಿ ತೋರುವ ಸ್ವಾತಂತ್ರ್ಯವನ್ನು, ನಂಬಿಕೆಯ ವಿಷಯವನ್ನು, ಎಂದರೆ ಕರಡಿಯ ಆತ್ಮವನ್ನೇ, ಕಾಪಾಡುವುದು ಅದರ ಕೆಲಸವಲ್ಲ.

ನಮ್ಮ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ವಿಭಾಗಕ್ರಮ ಪರಿಚಿತವಾದುದೇ. ಸ್ಥಾಯಿಭಾವಕ್ಕೆ ರಕ್ಷಣೆಯುಂಟು, ಆಲಂಬನವಿಭಾವದ ಹೊಣೆ ನಮ್ಮದಲ್ಲ ಎಂದಂತಾಯಿತು. ಲಾಕ್ಷಣಿಕರು ಇವೆರಡನ್ನು ಬೇರೆಬೇರೆಯಾಗಿ ಹೆಸರಿಸಿದುದು ವಿವೇಚನೆಯ ಅನುಕೂಲಕ್ಕಾಗಿ. ಆಲಂಬನವನ್ನು ಕಿತ್ತುಹಾಕಿದ ಮೇಲೆಯೂ ಭಾವವು ರಸವಾಗಿ ನಿಲ್ಲುವುದೆಂದು ಅವರಾರೂ ಹೇಳಲಿಲ್ಲ. ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ, ನಿಜ. ಕಾವ್ಯದ ಆಲಂಬನ ಕವಿನಿರ್ಮಿತವಾದುದು, ಈ ಕಣಿವೆಯಾದರೋ ಹಿಮವೂ ಬಂಡೆಯೂ ನೀರೂ ಆಗಿ ಎದುರಿಗಿರುವುದು. ಆದರೂ ತೀರ್ಪಿನ ದೌರ್ಬಲ್ಯ ಎಲ್ಲಿದೆಯೆಂಬುದನ್ನು ಇದು ತೋರಿಸಿಕೊಡುತ್ತದೆ. ಎಲ್ಲಿ ಬೇಕಾದರೂ ಕಟ್ಟಬಹುದಾದ ದೇಗುಲ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಗ್ರಂಥ, ಇವನ್ನು ಮಾದರಿಯಾಗಿಟ್ಟುಕೊಂಡ ಧರ್ಮಕಲ್ಪನೆಗೆ ನಂಬಿಕೆಯೂ ಅದರ ನೆಲೆಯೂ ಬೇರೆಬೇರೆಯಾಗಿ ಕಾಣುವುದು ಸಹಜ. ಸ್ಥಳವೇ ಧರ್ಮವಾದವರಿಗೆ ಆ ಭೇದವೇ ಇಲ್ಲ.

ಇದನ್ನು ನ್ಯಾಯಪೀಠದಲ್ಲೇ ಕಂಡವರಿದ್ದರು. ನ್ಯಾಯಮೂರ್ತಿ ಮೋಲ್ಡೇವರ್ ಅವರು ನ್ಯಾಯಮೂರ್ತಿ ಕೋಟೆ ಅವರ ಸಮ್ಮತಿಯೊಡನೆ ಬರೆದ ಪ್ರತ್ಯೇಕ ಅಭಿಪ್ರಾಯದಲ್ಲಿ, ನೆಲಕ್ಕೂ ಶ್ರದ್ಧೆಗೂ ಇರುವ ನಂಟನ್ನು ಸರ್ಕಾರ ಕಡಿದುಹಾಕಿದರೆ ಶ್ರದ್ಧೆಯ ಅರ್ಥವೇ ಹೋಗುವುದು, ಆದುದರಿಂದ ಇಲ್ಲಿ ಧರ್ಮಸ್ವಾತಂತ್ರ್ಯಕ್ಕೆ ಭಂಗವಾಗಿದೆ ಎಂದು ಒಪ್ಪಿರುವರು. ಆದರೆ ಅವರು ಮುಂದಿನ ಹೆಜ್ಜೆಯಲ್ಲೇ ಹಿಂದೆಗೆಯುವರು: ಐವತ್ತು ಚದರ ಕಿಲೋಮೀಟರಿಗಿಂತ ಹೆಚ್ಚಾದ ಸಾರ್ವಜನಿಕ ಭೂಮಿಯಲ್ಲಿ ಇತರರು ಕಟ್ಟದಂತೆ ತಡೆಯುವ ಅಧಿಕಾರವನ್ನು ಒಂದು ಜನಕ್ಕೆ ಕೊಟ್ಟಂತಾಗುವುದರಿಂದ ಈ ಭಂಗವು ಸಮರ್ಥನೀಯ ಎಂಬುದು ಅವರ ನಿಲುವು. ನಮಗೆ ತೋರುವ ಮಟ್ಟಿಗೆ, ಓದಿನ ದೃಷ್ಟಿಯಿಂದ ಈ ಅಭಿಪ್ರಾಯವೇ ಪ್ರಾಮಾಣಿಕವಾದುದು. ಅದು ಮೊದಲು ಘೋಷಣೆಯನ್ನು ಅದರ ಅರ್ಥದಲ್ಲೇ ಓದಿತು, ಅನಂತರ ಬೆಲೆಯನ್ನು ಲೆಕ್ಕಹಾಕಿ ಬೇಡವೆಂದಿತು. ಬಹುಮತದ ತೀರ್ಪು ಓದುವ ಗೋಜಿಗೇ ಹೋಗದೆ ಬಾಗಿಲಲ್ಲೇ ನಿಲ್ಲಿಸಿತು.

ಬಹುಮತದ ಪರವಾಗಿ ಹೇಳತಕ್ಕುದು ಇಲ್ಲದಿಲ್ಲ. ಕ್ಟುನಾಹ ಜನರ ಪ್ರಾಮಾಣಿಕತೆಯನ್ನು ಅದು ಶಂಕಿಸಲಿಲ್ಲ. ಯೋಜನೆಯ ಬಗ್ಗೆ ಎರಡು ದಶಕಗಳಷ್ಟು ಕಾಲ ಸಮಾಲೋಚನೆ ನಡೆದು, ವಿಹಾರಧಾಮದ ಹತೋಟಿಗೆ ಬರುವ ಪ್ರದೇಶ ಶೇಕಡಾ 60ರಷ್ಟು ಇಳಿದಿತ್ತು. ಇನ್ನೊಂದು ಮೂಲನಿವಾಸಿ ಸಮುದಾಯವಾದ ಶುಸ್ವಾಪ್ ಪಂಗಡ ಈ ಬದಲಾವಣೆಗಳಿಂದ ತೃಪ್ತವಾಗಿತ್ತು. 'ಸಮುದಾಯದ ವಿರೋಧ' ಎಂದು ಒಂದೇ ಉಸಿರಿನಲ್ಲಿ ಹೇಳುವವರು ಇದನ್ನು ಮರೆಯಬಾರದು. ಯಾವ ಹೊಂದಾಣಿಕೆಯೂ ಸಾಧ್ಯವಿಲ್ಲವೆಂಬ ಮಾತನ್ನು ಕ್ಟುನಾಹರು ಮುಂದಿಟ್ಟುದು 2009ರಲ್ಲಿ. ಹಿರಿಯರಲ್ಲಿ ಮಾತ್ರ ಗುಪ್ತವಾಗಿದ್ದ ಜ್ಞಾನವು ತಡವಾಗಿ ಬಾಯಿಗೆ ಬಂದುದರಲ್ಲಿ ನಮಗೆ ಆಶ್ಚರ್ಯವಿಲ್ಲ. ಸಂವಿಧಾನದ 35ನೆಯ ವಿಧಿ ಒಂದು ಕ್ರಮವನ್ನು ಖಾತರಿಪಡಿಸುವುದೇ ಹೊರತು ಇಂಥದೇ ಫಲವನ್ನಲ್ಲ ಎಂದು ಹೇಳಿ ನ್ಯಾಯಾಲಯ ಆ ಅಂಶವನ್ನು ಮುಗಿಸಿಬಿಟ್ಟಿತು. ಕಣ್ಣಿಗೆ ಕಾಣದ ನಿವಾಸಿಯೊಬ್ಬನ ಇರವನ್ನು ನ್ಯಾಯಾಧೀಶರು ಹೇಗೆ ವಿಚಾರಣೆಗೆ ಒಳಪಡಿಸಬೇಕು ಎಂಬ ಪ್ರಶ್ನೆಯೂ ಹಗುರವಾದುದಲ್ಲ.

ಆದರೆ ಅದೇ ಪ್ರಾಂತದ ಕಾನೂನು ಇಲ್ಲದ ನಿವಾಸಿಗಳ ವಿಷಯದಲ್ಲಿ ಎಷ್ಟು ಉದಾರವಾಗಿದ್ದಿತೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. 2012ರಲ್ಲಿ ಶಾಸನವನ್ನು ತಿದ್ದಿ, ಒಬ್ಬ ನಿವಾಸಿಯೂ ಇಲ್ಲದ ಕಡೆಯಲ್ಲಿ ಪರ್ವತ ವಿಹಾರಧಾಮದ ಪುರಸಭೆಯನ್ನು ಸ್ಥಾಪಿಸಲು ಅವಕಾಶ ಮಾಡಿಕೊಳ್ಳಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಂಬೋ ಕಣಿವೆಗೆ ಒಂದು ಪುರಸಭೆ ಪ್ರಾಪ್ತವಾಯಿತು. ಮೇಯರೂ ಇಬ್ಬರು ಸದಸ್ಯರೂ ನೇಮಕಗೊಂಡರು. ಮತದಾರರಿಲ್ಲದುದರಿಂದ ಚುನಾವಣೆಯ ಪ್ರಮೇಯವೇ ಇರಲಿಲ್ಲ. ಮುಂದೆಂದೋ ಬರಲಿರುವ ಪ್ರವಾಸಿಗಳಿಗೆ ಪುರಸಭೆಯನ್ನು ಕಲ್ಪಿಸಿಕೊಡಬಲ್ಲ ರಾಜ್ಯಕ್ಕೆ, ಹಿಂದಿನಿಂದಲೂ ಅಲ್ಲಿರುವನೆಂದು ಒಂದು ಜನ ಹೇಳುವ ನಿವಾಸಿಯ ವಿಳಾಸವು ಬರಿಯ ನಂಬಿಕೆಯಾಗಿ ತೋರಿತು. ಕಲ್ಪನೆಯು ಯಾವ ಪಕ್ಷದಲ್ಲಿ ಹೆಚ್ಚೆಂದು ಕೇಳಿದರೆ ಉತ್ತರ ಕಷ್ಟವೇ.

ಪರ್ವತದ ಪರವಾಗಿ ಮಾತನಾಡುವ ಹಕ್ಕು ಯಾರದು ಎಂಬ ಚರ್ಚೆ ಇದಕ್ಕೆ ಮೊದಲೇ ಅಮೆರಿಕದಲ್ಲಿ ನಡೆದಿತ್ತು. ಕ್ಯಾಲಿಫೋರ್ನಿಯಾದ ಮಿನರಲ್ ಕಿಂಗ್ ಕಣಿವೆಯಲ್ಲಿ ಡಿಸ್ನಿ ಸಂಸ್ಥೆಯು ಕಟ್ಟಲೆಣಿಸಿದ ಸ್ಕೀ ವಿಹಾರಧಾಮವನ್ನು ಸಿಯೆರಾ ಕ್ಲಬ್ ವಿರೋಧಿಸಿದಾಗ, 1972ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ನಾಲ್ವರು ಮೂವರ ಬಹುಮತದಿಂದ, ಕ್ಲಬ್ಬಿನ ಸದಸ್ಯರಿಗೆ ಸ್ವತಃ ಹಾನಿಯಾಗುವುದೆಂದು ತೋರಿಸದ ಹೊರತು ದಾವೆಗೆ ಅಧಿಕಾರವಿಲ್ಲವೆಂದಿತು. ಕಣಿವೆಯ ಹೆಸರಿನಲ್ಲೇ ದಾವೆ ನಡೆಯಲೆಂದು ನ್ಯಾಯಮೂರ್ತಿ ಡಗ್ಲಸ್ ಭಿನ್ನಮತ ಬರೆದರು. (1978ರಲ್ಲಿ ಆ ಕಣಿವೆ ಸಿಕ್ವೋಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು.) ಅಲ್ಲಿ ಪರ್ವತವು ನ್ಯಾಯಾಲಯವನ್ನು ಹೊಕ್ಕುದು ಸಂದರ್ಶಕನ ಆನಂದವೆಂಬ ವೇಷದಲ್ಲಿ, ಇಲ್ಲಿ ಭಕ್ತನ ನಂಬಿಕೆಯೆಂಬ ವೇಷದಲ್ಲಿ. ಜಂಬೋ ಕಣಿವೆಯನ್ನು ವನ್ಯವಾಗಿಯೇ ಉಳಿಸಿ ಎಂಬ ಸುತ್ತಣ ಊರುಗಳ ಘೋಷವಾಕ್ಯದಲ್ಲೂ ಈ ಕೊರತೆ ಇದೆ. ಸ್ಕೀ ಹಾಕಿ ಏರುವವರು, ಬೇಟೆಗಾರರು, ಕರಡಿಗಳ ಸಂತತಿಗಾಗಿ ಕಳವಳಪಟ್ಟವರು, ಎಲ್ಲರನ್ನೂ ಒಂದು ಮಾಡಿದ ವಾಕ್ಯವದು, ನಿಜ. ಆದರೆ ಅದರಲ್ಲಿ ಯಾರೂ ವಾಸವಾಗಿಲ್ಲ.

ನಮ್ಮ ದೇಶದ ಉದಾಹರಣೆಯೊಂದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ಪ್ರಶ್ನೆ ಬಂದಾಗ, 2013ರ ಏಪ್ರಿಲ್‌ನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಡೋಂಗ್ರಿಯಾ ಕೊಂಧರ ದೈವವಾದ ನಿಯಮರಾಜನ ಆರಾಧನೆಗೆ ಧಕ್ಕೆಯಾಗುವುದೋ ಇಲ್ಲವೋ ಎಂಬುದನ್ನು ಗ್ರಾಮಸಭೆಗಳೇ ವಿಚಾರಿಸಲೆಂದಿತು. ಹನ್ನೆರಡು ಸಭೆಗಳೂ ಗಣಿಯನ್ನು ನಿರಾಕರಿಸಿದುವು. ಆ ನ್ಯಾಯಾಲಯದ ಬೆನ್ನಿಗೆ 2006ರ ಅರಣ್ಯ ಹಕ್ಕುಗಳ ಶಾಸನವಿದ್ದಿತು, ಕೆನಡಾದ ನ್ಯಾಯಮೂರ್ತಿಗಳಿಗೆ ಅಂಥ ಶಾಸನದ ಆಸರೆ ಇರಲಿಲ್ಲ ಎಂಬ ಭೇದವನ್ನು ಒಪ್ಪಲೇಬೇಕು. ಆದರೂ ಓದುವ ಕೆಲಸವನ್ನು ಭಾಷೆ ಬಲ್ಲವರಿಗೇ ಬಿಟ್ಟ ವಿವೇಕ ಅದರಲ್ಲಿ ಕಾಣುತ್ತದೆ.

ಜಂಬೋ ಯೋಜನೆಯನ್ನು ಕೊನೆಗೆ ಕುಂದಿಸಿದುದು ಇನ್ನೊಂದು ಪದ. 2004ರ ಪರಿಸರ ಪ್ರಮಾಣಪತ್ರದ ವಿಸ್ತರಿಸಿದ ಅವಧಿ 2014ರ ಅಕ್ಟೋಬರಿನಲ್ಲಿ ತೀರುವುದರೊಳಗಾಗಿ ಕಟ್ಟಡವು 'ಗಣನೀಯವಾಗಿ ಆರಂಭ'ವಾಗಿರಬೇಕಿತ್ತು. ಕಂಪೆನಿಯವರು ಅವಸರದಲ್ಲಿ ಕಾಂಕ್ರೀಟಿನ ಅಸ್ತಿವಾರಗಳನ್ನು ಹಾಕಿದರು. ಅವು ಹಿಮಕುಸಿತದ ಅಪಾಯವಿರುವ ಜಾಗದಲ್ಲಿವೆಯೆಂದು ಮರುವರ್ಷ ಪ್ರಾಂತದ ಅಧಿಕಾರಿಗಳು ಕಂಡರು. 2015ರ ಜೂನಿನಲ್ಲಿ ಪರಿಸರ ಸಚಿವರು ಇದು ಗಣನೀಯ ಆರಂಭವಲ್ಲವೆಂದು ನಿರ್ಧರಿಸಿದರು. 2018ರಲ್ಲಿ ಕೆಳಗಿನ ನ್ಯಾಯಾಲಯ ಈ ನಿರ್ಧಾರವನ್ನು ತಳ್ಳಿಹಾಕಿತು, 2019ರಲ್ಲಿ ಮೇಲ್ಮನವಿಯಲ್ಲಿ ಅದು ಮತ್ತೆ ಊರ್ಜಿತವಾಯಿತು. ಶಾಶ್ವತ ಅಸ್ತಿವಾರ ಸಲ್ಲದೆಂದು ಘೋಷಣೆಯು 2010ರಲ್ಲೇ ಬರೆದಿತ್ತು. ಆಡಳಿತವು ಅಸ್ತಿವಾರ ಸಾಲದೆಂದು ಅದೇ ಫಲಕ್ಕೆ ಬಂದಿತು.

2020ರ ಜನವರಿಯಲ್ಲಿ ಕಂಪೆನಿಯ ಹಕ್ಕುಗಳನ್ನು ಹಣ ಕೊಟ್ಟು ಬಿಡಿಸಿಕೊಂಡು, ಕ್ಟುನಾಹರ ನೇತೃತ್ವದಲ್ಲಿ ಸಂರಕ್ಷಿತ ಪ್ರದೇಶವನ್ನು ರೂಪಿಸುವುದೆಂದು ಪ್ರಕಟಿಸಲಾಯಿತು. ಒಕ್ಕೂಟ ಸರ್ಕಾರ ಇದಕ್ಕಾಗಿ 1 ಕೋಟಿ 60 ಲಕ್ಷ ಡಾಲರುಗಳನ್ನಿತ್ತಿತು, ಖಾಸಗಿ ಪ್ರತಿಷ್ಠಾನಗಳೂ ಇತರರೂ 50 ಲಕ್ಷವನ್ನು ಕೂಡಿಸಿದರು. ನಿವಾಸಿಗಳಿಲ್ಲದ ಪುರಸಭೆಯೂ ಅನಂತರ ವಿಸರ್ಜಿತವಾಯಿತು. ಆದರೆ 2017ರ ತೀರ್ಪು ಹಾಗೆಯೇ ನಿಂತಿದೆ. ಕೆನಡಾದಲ್ಲಿ ಇನ್ನಾವುದೇ ಜನ ತಮ್ಮ ಪರ್ವತಕ್ಕಾಗಿ ಧರ್ಮಸ್ವಾತಂತ್ರ್ಯದ ವಿಧಿಯನ್ನು ಹಿಡಿದು ಬಂದರೆ, ಎದುರುಪಕ್ಷದ ವಕೀಲರು ಮೊದಲು ಓದಿ ಹೇಳುವುದು 'ನಂಬಿಕೆಯ ವಿಷಯ' ಎಂಬ ಆ ಭಾಗವನ್ನೇ.