ತಜ್ಞ ವಿಮರ್ಶೆಯ ಅಳೆಯದ ಸಹಮತ

ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನದಲ್ಲಿ ಉಲ್ಲೇಖ ಎಣಿಕೆಯಂತಹ ಮಾಪಕಗಳಿಗೆ ಎಷ್ಟು ಸ್ಥಾನ, ತಜ್ಞ ವಿಮರ್ಶೆಗೆ ಎಷ್ಟು ಎಂಬ ಚರ್ಚೆಗೆ ಬ್ರಿಟನ್ನಿನ ‘ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್’ ಇಂದಿಗೂ ಮುಖ್ಯ ಆಕರ. ಅದರ 2014ರ ಸುತ್ತಿನ ಅಂಕಗಳನ್ನು ಮಾಪಕಗಳೊಡನೆ ಹೋಲಿಸಿದ ‘ದಿ ಮೆಟ್ರಿಕ್ ಟೈಡ್’ ವರದಿಯು (2015) ಮಾಪಕಗಳು ವಿಮರ್ಶೆಗೆ ಬದಲಿಯಾಗಲಾರವು ಎಂದಿತು. ಟ್ರಾಗ್ ಮತ್ತು ವಾಲ್ಟ್‌ಮನ್ 2019ರಲ್ಲಿ ಇದನ್ನು ಪ್ರಶ್ನಿಸಿದರು: ಹೋಲಿಕೆ ನಡೆಯಬೇಕಾದುದು ಬಿಡಿ ಪ್ರಬಂಧಗಳ ಮಟ್ಟದಲ್ಲಲ್ಲ, ಸಂಸ್ಥೆಗಳ ಮಟ್ಟದಲ್ಲಿ, ಹಾಗೆ ನೋಡಿದರೆ ಭೌತವಿಜ್ಞಾನದಂತಹ ಕೆಲವು ಕ್ಷೇತ್ರಗಳಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೆ.

ವಾದ ಸಮರ್ಥವಾದುದೇ. ಆದರೆ ಭಾಷಾವಿಜ್ಞಾನವನ್ನೊಳಗೊಂಡ ಮಾನವಿಕಗಳ ಮುಖ್ಯ ಸಮಿತಿ ಉಲ್ಲೇಖದ ದತ್ತಾಂಶವನ್ನು ಬಳಸುವುದೇ ಇಲ್ಲ. ವ್ಯಾಕರಣ, ನಿಘಂಟುಗಳು ಆ ಎಣಿಕೆಯಲ್ಲಿ ಸರಿಯಾಗಿ ಸಿಕ್ಕುವುದೂ ಇಲ್ಲ.

ಹೆಚ್ಚು ಕಾಡುವುದು ಎರಡೂ ಪಕ್ಷಗಳು ಹಂಚಿಕೊಂಡಿರುವ ಗ್ರಹಿಕೆ: ತಜ್ಞರ ತೀರ್ಪೇ ಪ್ರಮಾಣ, ಮಾಪಕವೇ ಪರೀಕ್ಷಾರ್ಥಿ. ನಮ್ಮ ಶಿಸ್ತಿನವರಿಗೆ ಇದು ವಿಚಿತ್ರವಾಗಿ ತೋರಬೇಕು. ಪಠ್ಯಸಂಚಯವೊಂದಕ್ಕೆ ಪದವರ್ಗಗಳನ್ನು ಗುರುತಿಸುವಾಗ ಒಂದೇ ಭಾಗವನ್ನು ಇಬ್ಬರು ಪ್ರತ್ಯೇಕವಾಗಿ ಗುರುತಿಸಿ, ಅವರ ಸಹಮತವನ್ನು ಕಪ್ಪಾ ಮೌಲ್ಯದಲ್ಲಿ ವರದಿಮಾಡುತ್ತೇವೆ. ಅದಿಲ್ಲದ ಲೇಖನವನ್ನು ವಿಮರ್ಶಕರು (ನ್ಯಾಯವಾಗಿಯೇ) ಹಿಂದಿರುಗಿಸುತ್ತಾರೆ. ವಿಭಾಗಗಳ ಅನುದಾನವನ್ನು ನಿರ್ಧರಿಸುವ ಅಂಕಗಳಿಗೆ ಮಾತ್ರ ಅಂತಹ ಸಂಖ್ಯೆಯಿಲ್ಲ. ಬಿಡಿ ಪ್ರಬಂಧಗಳ ಅಂಕಗಳು ಪ್ರಕಟವಾಗದ ಕಾರಣ ಹೊರಗಿನವರು ಅದನ್ನು ಲೆಕ್ಕಹಾಕಲೂ ಆಗದು. ಟ್ರಾಗ್ ಮತ್ತು ವಾಲ್ಟ್‌ಮನ್ ವಿಮರ್ಶೆಯೊಳಗಿನ ಅನಿಶ್ಚಿತತೆಯನ್ನು ಮಾದರಿಯೊಂದರಿಂದ ಊಹಿಸಬೇಕಾಯಿತು.

ಇಟಲಿ ಈ ವಿಷಯದಲ್ಲಿ ಹೆಚ್ಚು ಧೈರ್ಯ ತೋರಿತು. 2004–2010ರ ಅವಧಿಯ ಮೌಲ್ಯಮಾಪನದಲ್ಲಿ ಲೇಖನಗಳ ಮಾದರಿಯೊಂದನ್ನು ಇಬ್ಬರು ವಿಮರ್ಶಕರಿಗೆ ಕಳುಹಿಸಲಾಯಿತು. ಬಚ್ಚೀನಿ ಮತ್ತು ಸಂಗಡಿಗರ ಮರುವಿಶ್ಲೇಷಣೆಯಲ್ಲಿ ಮಾಪಕ–ವಿಮರ್ಶೆಗಳ ಹೊಂದಾಣಿಕೆಯಷ್ಟೇ ಅಲ್ಲ, ವಿಮರ್ಶಕರಿಬ್ಬರ ಸಹಮತವೂ ಕಡಿಮೆಯೆಂದು ಕಂಡಿತು. ಇದರಿಂದ ಮಾಪಕವೇ ಮೇಲೆಂದು ಸಾಧಿತವಾಗುವುದಿಲ್ಲ. ಆದರೆ ಓದುಗರಿಬ್ಬರೇ ಒಪ್ಪದಿರುವಾಗ, ಅವರೊಡನೆ ಮಾಪಕ ಒಪ್ಪಲಿಲ್ಲವೆಂಬುದು ಮಾಪಕದ ದೋಷಕ್ಕೆ ಸಾಕ್ಷಿಯೂ ಆಗದು.

ಈ ಪ್ರಶ್ನೆ ಈಗ ನಮ್ಮ ಬಾಗಿಲಿಗೂ ಬಂದಿದೆ. ಯುಜಿಸಿ 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನು ಕೈಬಿಟ್ಟು, ನಿಯತಕಾಲಿಕಗಳ ಯೋಗ್ಯತೆಯ ನಿರ್ಣಯವನ್ನು ಸಂಸ್ಥೆಗಳಿಗೇ ಬಿಟ್ಟಿತು. ಕನ್ನಡದಲ್ಲಿ ಬರೆದ ಸಂಶೋಧನೆ ಉಲ್ಲೇಖಕೋಶಗಳಿಂದ ಬಹುಮಟ್ಟಿಗೆ ಹೊರಗಿರುವುದರಿಂದ ಇಲ್ಲಿ ಉಳಿಯುವುದು ತಜ್ಞ ವಿಮರ್ಶೆಯೊಂದೇ. ಆದರೆ ಉಪಭಾಷಾ ಅಧ್ಯಯನವನ್ನು ಅಳೆಯಬಲ್ಲವರು ಎಷ್ಟು ಮಂದಿ? ವಿಮರ್ಶಕ, ವಿಮರ್ಶಿತರು ಗುರು–ಶಿಷ್ಯರಾಗಿರುವ ಸಂಭವ ಕಡಿಮೆಯೇನಲ್ಲ. ಹತ್ತರಲ್ಲೊಂದು ಪ್ರಬಂಧವನ್ನಾದರೂ ಇಬ್ಬರಿಗೆ ಕಳುಹಿಸಿ, ಒಬ್ಬರನ್ನು ಕನ್ನಡ ಬಲ್ಲ ತುಳು ಅಥವಾ ತಮಿಳು ಅಧ್ಯಯನಕಾರರಿಂದ ಆಯ್ದು, ಸಹಮತದ ಸಂಖ್ಯೆಯನ್ನು ಪ್ರಕಟಿಸುವುದು ದುಬಾರಿ ಕೆಲಸವಲ್ಲ.