ರ‍್ಯಾಂಬಸ್ ಕಲಿಸಿದ ಲೆಕ್ಕ

ಮೆಮೊರಿ ಚಿಪ್ ಕಂಪನಿಗಳ ಷೇರಿನ ಬಗ್ಗೆ ಯಾರೇ ಕೇಳಲಿ, ನಾನು ಮೊದಲು ಹೇಳುವುದು ರ‍್ಯಾಂಬಸ್ ಕಥೆಯನ್ನು. ಈ ವ್ಯಾಪಾರದಲ್ಲಿ ಯಾವ ತಂತ್ರಜ್ಞಾನ ಉಳಿಯಬೇಕೆಂದು ತೀರ್ಮಾನಿಸುವುದು ಬೆಲೆ. ಇದನ್ನು ಅಷ್ಟು ಚೆನ್ನಾಗಿ ತೋರಿಸಿಕೊಟ್ಟ ಕಂಪನಿ ಇನ್ನೊಂದಿಲ್ಲ.

1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಕ್ ಫಾರ್ಮ್‌ವಾಲ್ಡ್ ಮತ್ತು ಮಾರ್ಕ್ ಹೊರೊವಿಟ್ಜ್ ಕಟ್ಟಿದ ಕಂಪನಿ ಅದು. ಆರ್‌ಡಿರ‍್ಯಾಮ್ ಎಂಬ ಮೆಮೊರಿ ಚಿಪ್ಪಿನ ವಿನ್ಯಾಸ ಅವರದು, ತಯಾರಿಕೆ ಸ್ಯಾಮ್‌ಸಂಗ್‌ನಂಥವರದು, ಪ್ರತಿ ಚಿಪ್ಪಿನ ಮೇಲೂ ರ‍್ಯಾಂಬಸ್‌ಗೆ ರಾಯಲ್ಟಿ. 1996ರಲ್ಲಿ ಇಂಟೆಲ್ ಬೆನ್ನಿಗೆ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ 12 ಡಾಲರ್ ದರದಲ್ಲಿ ಷೇರು ಪೇಟೆಗೆ ಬಂತು. ಮುಂದಿನ ಪರ್ಸನಲ್ ಕಂಪ್ಯೂಟರ್‌ಗಳೆಲ್ಲ ಆರ್‌ಡಿರ‍್ಯಾಮ್ ಬಳಸುತ್ತವೆ ಎಂದು ಇಂಟೆಲ್ಲೇ ಹೇಳುತ್ತಿರುವಾಗ ಹೂಡಿಕೆದಾರರಿಗೆ ಅನುಮಾನವಾದರೂ ಏಕೆ ಬರಬೇಕು? ವೇಗವೂ ಸುಳ್ಳಾಗಿರಲಿಲ್ಲ. ಆಗಿನ ಮಾಮೂಲಿ ಮೆಮೊರಿಯಾದ ಪಿಸಿ100 ಎಸ್‌ಡಿರ‍್ಯಾಮ್ ಸೆಕೆಂಡಿಗೆ 0.8 ಗಿಗಾಬೈಟ್ ಸಾಗಿಸಿದರೆ ಆರ್‌ಡಿರ‍್ಯಾಮ್ 1.6 ಗಿಗಾಬೈಟ್ ಸಾಗಿಸುತ್ತಿತ್ತು.

ಇದನ್ನು ವಿರೋಧಿಸಿದವರ ವಾದ ಒಂದೇ: ಇದು ದುಬಾರಿ. ಚಿಪ್ಪಿನ ಗಾತ್ರ ದೊಡ್ಡದು, ಪರೀಕ್ಷಿಸಲು ಹೊಸ ಯಂತ್ರ ಬೇಕು, ಮೇಲೆ ರಾಯಲ್ಟಿ. ಈ ಚಿಪ್ಪುಗಳನ್ನು ಕೂರಿಸಿದ ಮಾಡ್ಯೂಲನ್ನು ಹತ್ತಿರದಿಂದ ನೋಡಿದವರಿಗೆ ಈ ವಾದ ಥಟ್ಟನೆ ಅರ್ಥವಾಗುತ್ತದೆ. ಶಾಖ ಹರಡಲೆಂದು ಚಿಪ್ಪುಗಳ ಮೇಲೆ ಲೋಹದ ಹೊದಿಕೆ ಹಾಕಿರುತ್ತಾರೆ. ಮೊದಲ ಪೆಂಟಿಯಮ್ 4 ಬೋರ್ಡುಗಳಿಗೆ ಇವನ್ನು ಜೋಡಿಯಾಗಿಯೇ ಕೊಳ್ಳಬೇಕಿತ್ತು. ಸಂಕೇತ ಒಂದು ಮಾಡ್ಯೂಲಿನೊಳಗಿಂದ ಹಾದು ಇನ್ನೊಂದಕ್ಕೆ ಹೋಗುವುದರಿಂದ ಸ್ಲಾಟ್ ಖಾಲಿ ಬಿಟ್ಟರೆ ದಾರಿಯೇ ಕಡಿದುಹೋಗುತ್ತದೆ. ಹಾಗಾಗಿ ಖಾಲಿ ಸ್ಲಾಟಿಗೂ ಒಂದು ಚಿಪ್ಪೂ ಇಲ್ಲದ ಬರಿಯ ಪಟ್ಟಿಯನ್ನು ಸಿಕ್ಕಿಸಬೇಕು. ವಿನ್ಯಾಸವಾಗಿ ಅದು ಸೊಗಸಾದದ್ದು, ನನಗೆ ಇಂದಿಗೂ ಮೆಚ್ಚುಗೆಯೇ. ಆದರೆ ಒಂದೊಂದು ಡಾಲರ್ ಉಳಿಸಲು ಹೆಣಗುವ ಕಂಪ್ಯೂಟರ್ ತಯಾರಕರಿಗೆ ಅದು ಒಗ್ಗಲಿಲ್ಲ.

1999ರ ಸೆಪ್ಟೆಂಬರ್‌ನಲ್ಲಿ ದೋಷ ಕಂಡುಬಂದು ಇಂಟೆಲ್ ಆರ್‌ಡಿರ‍್ಯಾಮ್‌ಗೆಂದು ಮಾಡಿದ್ದ ತನ್ನ 820 ಚಿಪ್‌ಸೆಟ್‌ ಬಿಡುಗಡೆಯನ್ನು ಮುಂದೂಡಿತು. ಅದೇ ಚಿಪ್‌ಸೆಟ್‌ನಲ್ಲಿ ಅಗ್ಗದ ಎಸ್‌ಡಿರ‍್ಯಾಮ್ ನಡೆಸಲೆಂದು ಕೊಟ್ಟ ಭಾಷಾಂತರ ಚಿಪ್ ಕೂಡ ಕೈಕೊಟ್ಟು, 2000ದ ಮೇ ತಿಂಗಳಲ್ಲಿ ಬೋರ್ಡುಗಳನ್ನೇ ವಾಪಸ್ ಪಡೆಯಬೇಕಾಯಿತು. ಇಷ್ಟಾದರೂ ಮುಂದಿನ ತಿಂಗಳು, ಒಂದು ಷೇರನ್ನು ನಾಲ್ಕಾಗಿ ವಿಭಜಿಸಿದ ಮೇಲೂ, ರ‍್ಯಾಂಬಸ್ ನೂರು ಡಾಲರ್ ದಾಟಿತು. ಹಳೆಯ ಎಸ್‌ಡಿರ‍್ಯಾಮ್ ಮೇಲೂ ತನಗೆ ಪೇಟೆಂಟ್ ಹಕ್ಕಿದೆಯೆಂದು ಅದು ತಯಾರಕರಿಂದ ರಾಯಲ್ಟಿ ವಸೂಲಿಗೆ ಇಳಿದದ್ದು ಇದಕ್ಕೆ ಕಾರಣ. ನಿಮ್ಮ ಸರಕನ್ನು ತಯಾರಿಸಬೇಕಾದವರನ್ನೇ ಕೋರ್ಟಿಗೆ ಎಳೆದರೆ ಅವರು ಅದನ್ನು ಅಗ್ಗವಾಗಿ ಏಕೆ ತಯಾರಿಸಿಕೊಟ್ಟಾರು? ಅವರೆಲ್ಲ ಎಸ್‌ಡಿರ‍್ಯಾಮ್‌ನ ಮುಂದಿನ ಪೀಳಿಗೆಯಾದ ಡಿಡಿಆರ್ ಕಡೆ ವಾಲಿದರು. 2001ರಲ್ಲಿ ಮಾಮೂಲಿ ಮೆಮೊರಿಯ ಬೆಲೆ ತಯಾರಿಕಾ ವೆಚ್ಚಕ್ಕಿಂತಲೂ ಕೆಳಗೆ ಕುಸಿದಾಗ ಆರ್‌ಡಿರ‍್ಯಾಮ್‌ಗೆ ಉಳಿಗಾಲವಿರಲಿಲ್ಲ. ಇಂಟೆಲ್ಲೇ ಡಿಡಿಆರ್‌ಗೆ ಬಂತು.

ತಯಾರಕರೇನೂ ಸಾಚಾಗಳಲ್ಲ. 1999ರಿಂದ 2002ರವರೆಗೆ ಕಂಪ್ಯೂಟರ್ ಮೆಮೊರಿಯಾದ ಡಿರ‍್ಯಾಮ್ ಬೆಲೆಯನ್ನು ಕೂಡಿ ನಿಗದಿ ಮಾಡಿದ ತಪ್ಪೊಪ್ಪಿಕೊಂಡು ಸ್ಯಾಮ್‌ಸಂಗ್ 30 ಕೋಟಿ, ಹೈನಿಕ್ಸ್ 18.5 ಕೋಟಿ, ಇನ್ಫಿನಿಯಾನ್ 16 ಕೋಟಿ ಡಾಲರ್ ದಂಡ ತೆತ್ತವು. ಆದರೆ ತನ್ನನ್ನು ಮುಗಿಸಲು ಸಂಚು ನಡೆದಿತ್ತೆಂಬ ರ‍್ಯಾಂಬಸ್ ದೂರನ್ನು 2011ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿ ಒಪ್ಪಲಿಲ್ಲ. ಒಂದೇ ದಿನದಲ್ಲಿ ಷೇರು ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು.

ಈಗ ಎಐ ಸರ್ವರುಗಳ ಅತಿವೇಗದ ಮೆಮೊರಿಯಾದ ಎಚ್‌ಬಿಎಂ ಸರದಿ. ಇದರೊಂದಿಗೆ ಪೈಪೋಟಿಯಲ್ಲಿದ್ದ ಮೈಕ್ರಾನ್‌ನ ಹೈಬ್ರಿಡ್ ಮೆಮೊರಿ ಕ್ಯೂಬ್ ಹಿಂದೆ ಬಿತ್ತು. 2013ರಲ್ಲೇ ಉದ್ಯಮದ ಮುಕ್ತ ಮಾನದಂಡವಾದ ಎಚ್‌ಬಿಎಂ ಅನ್ನು ಇಂದು ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್ ಮೂವರೂ ತಯಾರಿಸುತ್ತಾರೆ. ಅಷ್ಟೇ ಸಾಮರ್ಥ್ಯದ ಮಾಮೂಲಿ ಮೆಮೊರಿಯಾದ ಡಿಡಿಆರ್5ಗೆ ಹೋಲಿಸಿದರೆ ಎಚ್‌ಬಿಎಂ ಸುಮಾರು ಮೂರು ಪಟ್ಟು ವೇಫರ್ (ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆ) ತಿನ್ನುತ್ತದೆ ಎಂದು ಮೈಕ್ರಾನ್ ಹೇಳಿದೆ. ಎಐ ಸರ್ವರುಗಳಿಗೆ ಅಷ್ಟು ವೇಫರ್ ಹೋದ ಮೇಲೆ ಮಾಮೂಲಿ ಮೆಮೊರಿಗೆ ಕೊರತೆಯಾಗದೆ ಇರುತ್ತದೆಯೇ? 2025ರ ಕೊನೆಗೆ ಬೆಲೆ ಹೀಗೇ ಏರಿತು, ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳವರೆಗೂ ಅದರ ಬಿಸಿ ತಟ್ಟಿತು.

ಏರಿಳಿತದ ಕಾಲ ಮುಗಿಯಿತು, ಈ ಬೆಲೆ ಇನ್ನು ಇಳಿಯುವುದಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2018ರ ಏರಿಕೆಯಲ್ಲೂ ಇದೇ ಮಾತಿತ್ತು, 2023ರಲ್ಲಿ ಈ ಕಂಪನಿಗಳೇ ಮೆಮೊರಿ ವ್ಯಾಪಾರದಲ್ಲಿ ನಷ್ಟಕ್ಕೆ ಬಿದ್ದು ಉತ್ಪಾದನೆ ಕಡಿತಗೊಳಿಸಿದವು. ಮುಂದಿನ ತ್ರೈಮಾಸಿಕ ವರದಿ ಕೈಗೆ ಬಂದಾಗ ವೇಗದ ವರ್ಣನೆಯನ್ನು ಪಕ್ಕಕ್ಕಿಟ್ಟು, ಗೋದಾಮಿನಲ್ಲಿ ಎಷ್ಟು ದಿನದ ದಾಸ್ತಾನಿದೆ, ಹೊಸ ಕಾರ್ಖಾನೆಗಳಿಗೆ ಎಷ್ಟು ಹಣ ಸುರಿಯುತ್ತಿದ್ದಾರೆ ಎಂಬುದನ್ನು ಮೊದಲು ಓದಿ. ಎರಡೂ ಒಟ್ಟಿಗೆ ಏರುತ್ತಿದ್ದರೆ ಆ ಷೇರನ್ನು ಕೊಳ್ಳಬೇಡಿ.